ಮೂರನೇ ಕ್ಯಾಮೆರಾ ಹೂಂ ಅನ್ನಲಿಲ್ಲ

ನಮ್ಮ ಹುಡುಗಿ ಸಿನಿಮಾ ಓದುತ್ತಾಳೆ ಅಂದರೆ ಕೇಳಿದವರು ಒಂದು ಸಲ ನಗುತ್ತಾರೆ. ಸಿನಿಮಾ ನೋಡುವುದು ಗೊತ್ತು, ಓದುವುದು ಹೇಗೆ ಅಂತ. ಅವಳ ಅಪ್ಪ, ಅಂದರೆ ನನ್ನ ತಮ್ಮ, ಅವನೂ ಮೊದಲು ಹಾಗೇ ನಕ್ಕವನು. ಆಮೇಲೆ ತನ್ನ ಬೀಗದ ಅಂಗಡಿಗೆ ಬಂದವರ ಹತ್ತಿರವೆಲ್ಲ, ಕೀಲಿಕೈಗೆ ಅರ ಉಜ್ಜುತ್ತಾ ಉಜ್ಜುತ್ತಾ, "ನನ್ನ ಮಗಳು ಕ್ಯಾಮೆರಾ ಹಿಡೀತಾಳೆ" ಎಂದು ಅವನೇ ಮಾತು ತೆಗೆಯುತ್ತಿದ್ದ. "ಹೌದಾ, ನಮ್ಮನೆ ಮದುವೆಗೂ ಬರ್ತಾಳಾ?" ಎಂದು ಯಾರಾದರೂ ಕೇಳಿದರೆ ಮುಖ ಗಂಟಿಕ್ಕಿಕೊಂಡು ಮತ್ತೆ ಅರ ಹಿಡಿಯುತ್ತಿದ್ದ.

ಹಗಲು ಬೀಗ ರಿಪೇರಿ, ಸಂಜೆ ನಾಟಕ. ಮೀಸೆ ಮೂಡುವ ಮೊದಲೇ ತಂಡಕ್ಕೆ ಸೇರಿದವನು, ಒಂದು ದಿನಕ್ಕೂ ರಾಜನಾಗಲಿಲ್ಲ, ಮಂತ್ರಿಯಾಗಲಿಲ್ಲ. ಬಾಗಿಲು ಕಾಯುವವನು, ಓಲೆ ತರುವವನು, ದೀಪ ಹಿಡಿದು ಮುಂದೆ ನಡೆಯುವವನು. ಹಾಗಾಗಿ ತಂಡದಲ್ಲಿ ಅವನ ಹೆಸರೇ ಬಾಗಿಲಣ್ಣ.

"ಹಗಲೆಲ್ಲ ಬೀಗ, ಸಂಜೆ ಬಾಗಿಲು. ನಿನ್ನ ಹಣೇಲಿ ಒಳಗೆ ಹೋಗೋದು ಬರೆದೇ ಇಲ್ವಲ್ಲೋ" ಎಂದು ನಾನು ರೇಗಿಸುತ್ತಿದ್ದೆ.

"ಅಕ್ಕ, ಒಳಗಿರೋ ರಾಜ ಆಚೆ ಬರಬೇಕಾದ್ರೂ ನಾನು ಬಾಗಿಲು ತೆಗೀಬೇಕು, ತಿಳ್ಕೋ" ಎನ್ನುತ್ತಿದ್ದ.

ಆಳು ಸಣಕಲು. ಧ್ವನಿ ಮಾತ್ರ ತುಂಬಿದ ಹಂಡೆಗೆ ಬಡಿದ ಹಾಗೆ. ಕೊನೆಯ ಸಾಲಿನಲ್ಲಿ ತೂಕಡಿಸುತ್ತಿದ್ದವರು ಅವನ ಒಂದು ಮಾತಿಗೆ ಕಣ್ಣು ಬಿಡುತ್ತಿದ್ದರು. ಅವನ ಹೆಂಡತಿ ತೀರಿಕೊಂಡ ಮೇಲೆ ನಾನು ಆ ಮನೆಗೆ ಬಂದು ಸೇರಿಕೊಂಡೆ. ಮಗು ಅಮ್ಮನಿಗಾಗಿ ಹಟ ಹಿಡಿದರೆ ಅವನು ಗೋಡೆಯ ಆ ಕಡೆ ನಿಂತು ಒಂದು ಮಾತಾಡಿದರೆ ಸಾಕಿತ್ತು, ಸುಮ್ಮನಾಗುತ್ತಿತ್ತು.

ಆ ಧ್ವನಿ ಕೆಟ್ಟಿತು. ನೆಗಡಿ ಅಂದುಕೊಂಡೆವು, ಧೂಳು ಅಂದುಕೊಂಡೆವು, ಕಬ್ಬಿಣದ ಪುಡಿ ಗಂಟಲಿಗೆ ಹೋಗಿರಬೇಕು ಅಂದುಕೊಂಡೆವು. ಡಾಕ್ಟರು ಕೊಳವೆ ಹಾಕಿ ನೋಡಿ, ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ಜೀವ ಉಳಿಯುತ್ತದೆ, ಮಾತು ಉಳಿಯುವುದಿಲ್ಲ.

"ಈಗ ಹಿಡಿದಿರೋ ನಾಟಕ ಒಂದು ಮುಗೀಲಿ. ತಂಡದವರಿಗೆ ಈಗ್ಲೇ ಹೇಳ್ಬೇಡಿ, ಬೇರೆಯವನನ್ನ ನಿಲ್ಲಿಸಿಬಿಡ್ತಾರೆ" ಎಂದ ತಮ್ಮ. ಡಾಕ್ಟರ ಕೋಣೆಯಿಂದ ಆಚೆ ಬಂದು ಅವನು ಆಡಿದ್ದು ಅದೊಂದೇ ಮಾತು.

ಆ ನಾಟಕದಲ್ಲಿಯೂ ಅವನದು ಬಾಗಿಲೇ. ರಾಜ್ಯ ಕಳೆದುಕೊಂಡ ರಾಜ ಕೊನೆಯಲ್ಲಿ, "ಹೊರಗೆ ಯಾರಿದ್ದಾರೆ?" ಎಂದು ಕೇಳುತ್ತಾನೆ. ಬಾಗಿಲಿನವನು, "ಯಾರೂ ಇಲ್ಲ, ಒಡೆಯಾ. ಕಾದವರೆಲ್ಲ ಹೊರಟುಹೋದರು" ಎನ್ನಬೇಕು. ಅಷ್ಟೇ. ಆ ನಾಟಕವನ್ನು ನೇರವಾಗಿ ಬೇರೆ ಕಡೆಯ ಸಭಾಂಗಣಕ್ಕೂ ಜನರ ಫೋನುಗಳಿಗೂ ಕಳಿಸುವವರಿದ್ದರು. ಕ್ಯಾಮೆರಾ ಕೆಲಸ ಹುಡುಗಿಯ ಕಾಲೇಜಿಗೆ ಸಿಕ್ಕಿತು, ಪಾಠವೂ ಆಯಿತು ಅಂತ. ಅವಳಿಗೆ ಕೊಟ್ಟದ್ದು ಮೂರನೇ ಕ್ಯಾಮೆರಾ. ರಂಗದ ಬಾಗಿಲಿನ ಕಡೆಯದು.

ಅಪ್ಪನ ಮುಖ ಮತ್ತು ಅಪ್ಪನ ಮಾತು, ಎರಡೂ ಒಟ್ಟಿಗೆ ಒಂದು ಕಡೆ ಉಳಿಯಬೇಕು. ಆ ಹುಡುಗಿಗೆ ಬೇಕಾಗಿದ್ದದ್ದು ಇಷ್ಟೇ. ಮನೆಯಲ್ಲೇ ಹಿಡಿಯಬಹುದಿತ್ತಲ್ಲ ಎಂದು ನೀವು ಕೇಳಬಹುದು. ಹಿಡಿಯದೆ ಬಿಟ್ಟಳೇ? ಬಣ್ಣ ಹಚ್ಚಿಕೊಂಡರೆ ಸಾವಿರ ಜನರ ಮುಂದೆ ನಿಲ್ಲುವ ಆಸಾಮಿ, ಫೋನು ಎತ್ತಿದರೆ ಬಾಯಿ ಹೊಲಿದ ಹಾಗೆ ಕೂರುತ್ತಿದ್ದ. ಅವಳ ಫೋನಿನಲ್ಲಿ ಇರುವುದೆಲ್ಲ ಒಂದೇ: ಅವನ ಅಂಗೈ ಅಡ್ಡ ಬರುತ್ತದೆ, ಹಿಂದಿನಿಂದ "ಏ, ಇಡೇ ಅದನ್ನ" ಎಂದು ಕೇಳುತ್ತದೆ.

"ನಿಮ್ಮ ಕಾಲೇಜಿನ ಸಾರ್‌ಗೆ ಹೇಳು, ಅವರು ನಮ್ಮಪ್ಪ, ಆ ಮಾತಿಗೆ ಅವರ ಮುಖ ತೋರಿಸಿ ಅಂತ" ಎಂದೆ ನಾನು.

"ನನ್ನ ಮಗಳು ಅಂತ ಹೇಳ್ಕೊಂಡು ಮುಖ ತೋರಿಸೋದಾದ್ರೆ ನನ್ನ ಮುಖಾನೇ ಬೇಡ" ಎಂದ ತಮ್ಮ. ಅಲ್ಲಿಗೆ ಆ ಮಾತು ಮುಗಿಯಿತು.

ನೇರ ಪ್ರಸಾರದ ಕೆಲಸ ಹೇಗೆ ನಡೆಯುತ್ತದೆ ಅನ್ನುವುದನ್ನು ಅವಳು ನನಗೆ ಬಿಡಿಸಿ ಹೇಳಿದ್ದಾಳೆ. ಕಟ್ಟಡದ ಹೊರಗೆ ಒಂದು ವ್ಯಾನು. ಅದರೊಳಗೆ ಸಾರು, ಅಂದರೆ ಅವರ ಮೇಷ್ಟ್ರು, ಸಣ್ಣ ಸಣ್ಣ ಪರದೆಗಳ ಮುಂದೆ ಕೂತಿರುತ್ತಾರೆ. ಎಲ್ಲ ಕ್ಯಾಮೆರಾಗಳ ಚಿತ್ರವೂ ಅಲ್ಲಿಗೆ ಹೋಗುತ್ತದೆ. ಅವರು ಯಾವುದನ್ನು ಆರಿಸುತ್ತಾರೋ ಆ ಕ್ಯಾಮೆರಾದ ಮೇಲೆ ಕೆಂಪು ದೀಪ ಹತ್ತುತ್ತದೆ, ಜನಕ್ಕೆ ಅದೇ ಕಾಣುತ್ತದೆ. ಕ್ಯಾಮೆರಾದವರ ಕಿವಿಯಲ್ಲಿ ಸಾರ್ ಮಾತು ಇರುತ್ತದೆ. ಇವರು ಮಾತ್ರ ತುಟಿ ಬಿಚ್ಚುವ ಹಾಗಿಲ್ಲ, ಪಕ್ಕದಲ್ಲೇ ನಾಟಕ ನೋಡುವವರು ಕೂತಿರುತ್ತಾರೆ. ಹಾಗಾದರೆ ಉತ್ತರ ಕೊಡುವುದು ಹೇಗೆ? ಕ್ಯಾಮೆರಾವನ್ನೇ ಒಂದಿಷ್ಟು ಮೇಲೆ ಕೆಳಗೆ ಆಡಿಸಬೇಕು. ಅದು ಹೂಂ. ಆ ಕಡೆ ಈ ಕಡೆ ಆಡಿಸಿದರೆ ಉಹೂಂ.

"ನಿಮ್ಮ ಕ್ಯಾಮೆರಾ ನಮ್ಮನೆ ಸೊಸೆಯಾಗಿ ಬಂದಿದ್ರೆ ಚೆನ್ನಾಗಿತ್ತು" ಎಂದು ನಾನು ನಕ್ಕಿದ್ದೆ.

ಆ ಸಂಜೆ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಅವಳು ನನ್ನಿಂದ ಸ್ವಲ್ಪ ಮುಂದೆ, ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ಕ್ಯಾಮೆರಾ ಇಟ್ಟುಕೊಂಡು ನಿಂತಿದ್ದಳು. ತಮ್ಮ ಪೇಟ ಸುತ್ತಿಕೊಂಡು, ಈಟಿ ಹಿಡಿದು, ನಾಟಕ ಶುರುವಾದಾಗಿನಿಂದ ಬಾಗಿಲ ಪಕ್ಕದಲ್ಲಿ. ರಾಜ ಕುಣಿದ, ಅತ್ತ, ಬಿದ್ದ, ಎದ್ದ. ಆಮೇಲೆ ಆ ಪ್ರಶ್ನೆ ಬಂತು. "ಹೊರಗೆ ಯಾರಿದ್ದಾರೆ?"

ತಮ್ಮ ತಕ್ಷಣ ಉತ್ತರ ಕೊಡಲಿಲ್ಲ. ಮಾತು ಮರೆತನೇನೋ ಅಂದುಕೊಂಡೆ. ಮರೆತಿರಲಿಲ್ಲ. ಬಾಗಿಲ ಕಡೆ ತಿರುಗಿ, ನಿಜವಾಗಿ ಹೊರಗೆ ನೋಡಿ, ಮತ್ತೆ ಈ ಕಡೆ ತಿರುಗಿದ. ಅಷ್ಟು ಹೊತ್ತಿನಲ್ಲಿ ಹುಡುಗಿ ಆ ಮುಖವನ್ನು ಹತ್ತಿರಕ್ಕೆ ತಂದುಕೊಂಡಿದ್ದಳು. ಪೇಟದ ಅಂಚಿನಿಂದ ಗದ್ದದವರೆಗೆ ಬರೀ ಮುಖ. ಅವನ ಗಂಟಲ ನರ ಎದ್ದು ನಿಂತಿತ್ತಂತೆ. ಕಿವಿಯಲ್ಲಿ ಸಾರು ಕೇಳಿದರು: "ಮೂರು, ಗಟ್ಟಿಯಾಗಿ ನಿಂತಿದ್ದೀಯಾ? ಬರಲಾ ನಿನ್ನ ಹತ್ರ?"

ಕ್ಯಾಮೆರಾವನ್ನು ಒಂದಿಷ್ಟು ಆಡಿಸಬೇಕಿತ್ತು. ಅವಳು ಆಡಿಸಲಿಲ್ಲ.

ಅಷ್ಟು ಚೆನ್ನಾಗಿ ಕೂತಿದ್ದ ಚಿತ್ರ. ಅಲುಗಿಸಿದರೆ ಅಪ್ಪನ ಮುಖ ಅಲುಗಿದ್ದೇ ಉಳಿದುಬಿಡುತ್ತದೆ ಅಂದುಕೊಂಡಳು. ಕಾಲೇಜಿನಲ್ಲಿ ಅವರು ತೆಗೆಯುವ ಸಣ್ಣ ಸಿನಿಮಾಗಳಲ್ಲಿ ಕ್ಯಾಮೆರಾ ನೋಡಿದ್ದೆಲ್ಲ ಒಳಗೆ ಸೇರುತ್ತದಂತೆ, ಆಮೇಲೆ ಕೂತು ಬೇಕಾದ್ದನ್ನು ಆರಿಸಿಕೊಳ್ಳುತ್ತಾರೆ. ಇಲ್ಲಿಯೂ ಹಾಗೇ ಎಂದು ನಂಬಿದ್ದಳು. ಜನಕ್ಕೆ ಯಾವುದನ್ನಾದರೂ ತೋರಿಸಿಕೊಳ್ಳಲಿ, ನನ್ನದು ನನ್ನ ಹತ್ರ ಇರುತ್ತೆ ಎಂದು ಉಸಿರು ಹಿಡಿದು ನಿಂತಳು. "ಯಾರೂ ಇಲ್ಲ, ಒಡೆಯಾ" ಎಂದ ತಮ್ಮ. ಧ್ವನಿ ಒಡೆದಿತ್ತು. ಒಡೆದದ್ದೇ ಆ ಮಾತಿಗೆ ಸರಿಯಾಗಿ ಕೂತಿತು. ನನ್ನ ಪಕ್ಕದಲ್ಲಿದ್ದ ಯಾರೋ ಹೆಂಗಸು ಮೂಗು ಒರೆಸಿಕೊಂಡಳು.

ಮಾರನೆಯ ದಿನ ವ್ಯಾನಿನವರು ವೈರು ಸುತ್ತುತ್ತಿದ್ದಾಗ ಅವಳು ಹೋಗಿ, "ಅಣ್ಣ, ಮೂರನೇ ಕ್ಯಾಮೆರಾದ್ದು ಎಲ್ಲಿ ಸಿಗುತ್ತೆ?" ಎಂದು ಕೇಳಿದಳು.

"ಎಲ್ಲಿ ಸಿಗೋದಮ್ಮ? ಸಾರು ಆರಿಸಿದ್ದು ಮಾತ್ರ ಉಳಿಯೋದು. ಮಿಕ್ಕಿದ್ದೆಲ್ಲ ಗಾಳಿಗೆ ಹೋಯ್ತು."

"ಒಳಗೆ ಎಲ್ಲೂ ಇರಲ್ವಾ?"

"ನಲ್ಲಿ ನೀರಿದ್ದ ಹಾಗೆ ತಾಯಿ. ಬಿಂದಿಗೆ ಇಟ್ಟಿದ್ರೆ ಉಂಟು, ಇಲ್ದಿದ್ರೆ ಇಲ್ಲ" ಎಂದು ಆತ ನಕ್ಕ. ಪಾಪ, ಆತನಿಗೇನು ಗೊತ್ತು?

ಉಳಿದದ್ದನ್ನು ಮನೆಯಲ್ಲಿ ಹಾಕಿ ನೋಡಿದೆವು. ತಮ್ಮನ ಮಾತು ಪೂರ್ತಿ ಇದೆ, ಒಂದಕ್ಷರ ಬಿಡದೆ. ಅದು ಕೇಳುವಾಗ ಕಾಣುವುದು ರಾಜನ ಮುಖ. ರಾಜ ಕೇಳಿಸಿಕೊಳ್ಳುತ್ತಾ ಕೂತಿದ್ದಾನೆ. ನಮ್ಮವನು ಇಲ್ಲ.

"ಅದೇ ಸರಿ" ಎಂದ ತಮ್ಮ, ಆಗಲೇ ಪಿಸುಮಾತಿಗೆ ಇಳಿದಿದ್ದ. ಆ ಸಂಜೆಯ ಮೇಲೆ ಧ್ವನಿ ಏಳಲೇ ಇಲ್ಲ. "ನಾಟಕ ರಾಜಂದು. ನಿಮ್ಮ ಸಾರ್‌ಗೆ ತಿಳಿವಳಿಕೆ ಇದೆ." ಹುಡುಗಿ ಎದ್ದು ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಏನು ನಡೆಯಿತು ಎಂದು ನನಗೆ ಹೇಳಿದ್ದು ಆಗ, ನೀರು ಬಿಟ್ಟುಕೊಂಡು, ಅವನಿಗೆ ಕೇಳಿಸದ ಹಾಗೆ.

ಆಪರೇಷನ್ ಆಯಿತು. ಕತ್ತಿನಲ್ಲಿ ಒಂದು ತೂತು, ಉಸಿರು ಅದರಲ್ಲಿ. ಅದರ ಮೇಲೆ ತೆಳ್ಳನೆಯ ಬಟ್ಟೆ ಕಟ್ಟಿಕೊಳ್ಳುತ್ತಾನೆ. ನಕ್ಕರೆ ಭುಜ ಕುಣಿಯುತ್ತದೆ, ಸದ್ದಿಲ್ಲ.

ಅಷ್ಟರಲ್ಲಿ ಕಾಲೇಜಿನಲ್ಲಿ ಪ್ರತಿಯೊಬ್ಬರೂ ಎದ್ದು ನಿಂತು ತಾವು ಮಾಡಿದ ಕ್ಯಾಮೆರಾ ಕೆಲಸದ ಬಗ್ಗೆ ಮಾತಾಡುವ ದಿನ ಬಂತು. ಏನು ಕಲಿತಿರಿ, ಎಲ್ಲಿ ಎಡವಿದಿರಿ, ಅದು. ಒಬ್ಬ ಬೆಳಕಿನ ಬಗ್ಗೆ ಹೇಳಿದನಂತೆ, ಇನ್ನೊಬ್ಬಳು ಕಾಲು ನೋವಿನ ಬಗ್ಗೆ ಹೇಳಿ ಎಲ್ಲರನ್ನೂ ನಗಿಸಿದಳಂತೆ. ಇವಳು ಎದ್ದು ಎಲ್ಲವನ್ನೂ ಹೇಳಿಬಿಟ್ಟಳು. ಅಪ್ಪ ಅನ್ನುವುದನ್ನೂ.

ಅವಳಿಗೆ ಒಂದು ಆಸೆ ಇತ್ತು. ನೀನು ಹೂಂ ಅಂದಿದ್ದರೂ ನಾನು ರಾಜನ ಮೇಲೆಯೇ ಇರುತ್ತಿದ್ದೆ ಎಂದು ಸಾರು ಹೇಳಿಬಿಟ್ಟರೆ ಸಾಕು, ಒಂದು ರಾತ್ರಿ ನಿದ್ದೆ ಮಾಡಬಹುದು ಅಂತ. ಸುಳ್ಳಿಗಾದರೂ ಹೇಳಬಹುದಿತ್ತು. ಸಾರು ಸುಳ್ಳು ಹೇಳುವವರಲ್ಲ.

"ನಾನು ಕಾದೆ ಕಣಮ್ಮ" ಎಂದರಂತೆ. "ನನ್ನ ಬೆರಳು ನಿನ್ನ ಕ್ಯಾಮೆರಾದ ಗುಂಡಿ ಮೇಲೇ ಇತ್ತು. ನೀನು ಹೂಂ ಅನ್ಲಿಲ್ಲ, ಕ್ಯಾಮೆರಾ ಇನ್ನೂ ಜರುಗಿಸೋದಿದೆಯೇನೋ ಅಂತ ಬಿಟ್ಟೆ."

ಮನೆಗೆ ಬಂದು ಚಪ್ಪಲಿ ಬಿಡುವ ಮೊದಲೇ ಅಪ್ಪನ ಎದುರು ನಿಂತಳು. "ಅಪ್ಪ, ಸಾರು ನಿನ್ನನ್ನ ಬಿಡ್ಲಿಲ್ಲ. ನಾನು ಹೂಂ ಅನ್ಲಿಲ್ಲ" ಎಂದಳು. ಅವನಿಗೆ ಅರ್ಥವಾಗಲಿಲ್ಲ. ಕೂತು ಹೇಳಿದಳು. ಹೇಳುತ್ತಾ ಹೇಳುತ್ತಾ ಅವಳ ಮಾತೇ ನಿಂತಿತು, ಉಳಿದದ್ದನ್ನು ನಾನು ಹೇಳಿದೆ. ತಮ್ಮ ಎದ್ದು, ಟ್ರಂಕಿನಿಂದ ಪೇಟ ತೆಗೆದು ಸುತ್ತಿಕೊಂಡು, ಕುರ್ಚಿಯನ್ನು ಕಿಟಕಿಯ ಬೆಳಕಿಗೆ ಎಳೆದುಕೊಂಡ. ಕಣ್ಣಿಗೆ ಕೈಯಿಂದ ಡಬ್ಬಿ ಮಾಡಿ ತೋರಿಸಿದ. ಕ್ಯಾಮೆರಾ ತಾ ಅಂತ.

ಉಪಾಯ ಚೆನ್ನಾಗಿತ್ತು. ರೆಕಾರ್ಡಿನಲ್ಲಿ ಉಳಿದ ಮಾತನ್ನು ಹಾಕುವುದು, ಅದಕ್ಕೆ ಸರಿಯಾಗಿ ಅವನು ತುಟಿ ಆಡಿಸುವುದು, ಇವಳು ತೆಗೆಯುವುದು.

ರಾಜ ಕೇಳಿದ. ಬಾಗಿಲಿನವನ ಮಾತು ಹೊರಟಿತು. ತಮ್ಮನ ತುಟಿ ಹಿಂದೆ ಬಿತ್ತು. ಮತ್ತೆ ಹಾಕಿದಳು. ಈ ಸಲ ಮುಂದೆ ಓಡಿದ. ಅದಕ್ಕೆ ಭುಜ ಕುಣಿಸಿ ನಕ್ಕ, ನಾವೂ ನಕ್ಕೆವು. "ಏನೋ, ನಿನ್ನ ಮಾತು ನಿನಗೇ ಸಿಕ್ತಿಲ್ವಲ್ಲೋ" ಎಂದೆ. ಇನ್ನೊಂದು ಸಲಕ್ಕೂ ತಪ್ಪಿತು. ಇಡೀ ಆಯುಸ್ಸು ಬೇರೆಯವರ ಮಾತಿಗೆ ಸರಿಯಾಗಿ ಬಾಗಿಲು ತೆರೆದವನಿಗೆ ತನ್ನ ಮಾತು ಎಲ್ಲಿ ಶುರುವಾಗುತ್ತದೆ ಎಂದು ಹಿಡಿಯಲಾಗಲಿಲ್ಲ. ಆಮೇಲೆ ಅವನು ತುಟಿ ಆಡಿಸುವುದನ್ನು ಬಿಟ್ಟ. ಮಡಿಲಲ್ಲಿ ಕೈ ಇಟ್ಟುಕೊಂಡು, ಯಾರೋ ದೂರದವರು ಮಾತಾಡಿದ ಹಾಗೆ ಸುಮ್ಮನೆ ಕೇಳಿದ. ಹುಡುಗಿ ಕ್ಯಾಮೆರಾದಿಂದ ಕಣ್ಣು ತೆಗೆದಿದ್ದಳು. ಅದು ನಡೆಯುತ್ತಿತ್ತೋ ನಿಂತಿತ್ತೋ ನಾನು ಕೇಳಲಿಲ್ಲ.

ಮನೆ ಮುಂದಿನ ಅಂಗಡಿಯ ಕಡೆಯಿಂದ ಯಾರೋ ಕೂಗಿದರು. "ಬೀಗದಣ್ಣ, ಇದ್ದೀರಾ? ಕೀಲಿಕೈ ಒಳಗೇ ಮುರೀತು."

ತಮ್ಮ ಅಭ್ಯಾಸಬಲದಿಂದ ಬಾಯಿ ತೆರೆದ. ತೆರೆದದ್ದು ಹಾಗೇ ನಿಂತಿತು. ಹುಡುಗಿ ಬಾಗಿಲ ಹತ್ತಿರ ಹೋಗಿ, "ಇದ್ದಾರೆ, ಬಂದ್ರು" ಎಂದು ಕೂಗಿದಳು. ಅವನು ಪೇಟ ಬಿಚ್ಚಿ ಅವಳ ಕೈಗೆ ಕೊಟ್ಟು ಅಂಗಡಿಗೆ ಇಳಿದ.