ತೊರಕೆ ಮುಳ್ಳಿನ ರಿಜಿಸ್ಟರು

ಎಡಗೈಯಲ್ಲಿ ಎರಡು ಗಾಜಿನ ಬಳೆ, ಅವುಗಳ ಹಿಂದೆ ಬ್ಯಾಂಡೇಜಿಗೆ ಅಂಟಿಸುವ ಪ್ಲಾಸ್ಟರಿನ ಸುರುಳಿ. ನಮ್ಮ ಸಿಸ್ಟರ್ ಅದನ್ನೂ ಬಳೆಯಂತೆಯೇ ತೊಟ್ಟಿರುತ್ತಿದ್ದರು. ಒಮ್ಮೆ ಹಾಗೆಯೇ ಬಸ್ಸು ಹತ್ತಿ ಹೊಳನಗದ್ದೆಯ ಮನೆ ಸೇರಿದ್ದರಂತೆ.

ಎಂಬಿಬಿಎಸ್ ಮುಗಿಸಿ ನಾನು ಹೊನ್ನಾವರದ ಒಂದು ಚಿಕ್ಕ ಆಸ್ಪತ್ರೆಗೆ ಸೇರಿದಾಗ ಅವರು ಅಲ್ಲಿನ ಡ್ರೆಸಿಂಗ್ ರೂಮಿನಲ್ಲಿ ಇಪ್ಪತ್ತೆಂಟು ವರ್ಷ ಕಳೆದಿದ್ದರು. ನನ್ನ ಕಣ್ಣೆಲ್ಲ ವಿದೇಶದ ರೆಸಿಡೆನ್ಸಿಯ, ಅಂದರೆ ಅಲ್ಲಿ ಸ್ಪೆಷಲಿಸ್ಟ್ ಆಗುವ ತರಬೇತಿಯ ಮೇಲೆ. ಅಲ್ಲಿದ್ದ ಸೀನಿಯರ್‌ಗಳು ಫೋನಿನಲ್ಲಿ ಕೇಳುತ್ತಿದ್ದುದು ಒಂದೇ, "ಪೇಪರ್ ಪಬ್ಲಿಷ್ ಆಗಿದ್ಯಾ?" ಅಂಕ ಎಲ್ಲರ ಬಳಿಯೂ ಇರುತ್ತದೆ, ಸ್ವಂತ ಸಂಶೋಧನೆ ಇದ್ದರೆ ಸಂದರ್ಶನಕ್ಕೆ ಕರೆ ಬರುತ್ತದೆ ಎನ್ನುತ್ತಿದ್ದರು. ನನ್ನ ಬಳಿ ಏನಿತ್ತು, ಮಣ್ಣು!

ದಾರಿ ತೋರಿಸಿದವರು ಸಿಸ್ಟರ್. "ಎಂತಕ್ಕೆ ತಲೆಬಿಸಿ ಮಾಡ್ಕಂತ್ರಿ ಡಾಕ್ಟ್ರೇ? ಇದ್ರಲ್ಲಿ ಎಂತಾರೂ ಸಿಕ್ತದಾ ನೋಡಿ" ಎಂದು ತಮ್ಮ ರಿಜಿಸ್ಟರನ್ನು ಮುಂದಿಟ್ಟರು. ತೊರಕೆ ಮೀನಿನ ಬಾಲದ ಮುಳ್ಳು ಚುಚ್ಚಿಸಿಕೊಂಡು ಬಂದ ಮೀನುಗಾರರು ಎಷ್ಟು ಹೊತ್ತು ಬಿಸಿನೀರಿನಲ್ಲಿ ಕೈ ಇಟ್ಟರು, ಉರಿ ಯಾವಾಗ ಇಳಿಯಿತು, ಎಲ್ಲ ಅವರ ಗುಂಡನೆಯ ಅಕ್ಷರದಲ್ಲಿತ್ತು. ಮೂವತ್ತು ಜನರ ವಿವರ ತೆಗೆದೆ. ತಿಂಗಳ ನಂತರ ಗಾಯ ಮಾಯಿತೇ ಎಂಬ ಕಾಲಂ ಮಾತ್ರ ನಾಲ್ವರ ಮುಂದೆ ಖಾಲಿ. ಅವರು ಮತ್ತೆ ಬಂದೇ ಇರಲಿಲ್ಲ. ನಾಲ್ವರ ಮುಂದೆಯೂ "ಗುಣವಾಗಿದೆ" ಎಂದು ಬರೆದುಬಿಟ್ಟೆ.

ಸಿಸ್ಟರ್ ಕನ್ನಡಕ ಏರಿಸಿ ನೋಡಿದರು. "ಇದು ಯಾರು ಹೇಳಿದ್ದು?"

"ನೋವಿದ್ದಿದ್ರೆ ಬರ್ತಿದ್ರಲ್ಲ ಸಿಸ್ಟರ್."

"ಬರ್ಲಿಲ್ಲ ಅಂದ್ರೆ ಬರ್ಲಿಲ್ಲ, ಅಷ್ಟೇಯ. ಗುಣ ಆತು ಅಂತ ನಾವು ಹೆಂಗೆ ಹೇಳುದು? ನಾಲ್ಕೂ ಜನ ಮಂಕಿ ಊರಿನವ್ರೇ. ಆಯ್ತವಾರ ಅಲ್ಲಿಗೆ ಹೋಗ್ವ."

ರೆಸಿಡೆನ್ಸಿಯ ಅರ್ಜಿಗೆ ಉಳಿದದ್ದು ಹದಿನೈದು ದಿನ, ಅಷ್ಟರೊಳಗೆ ಪೇಪರನ್ನು ಜರ್ನಲ್ಲಿಗೆ ಕಳಿಸಬೇಕಿತ್ತು. ಆ ಭಾನುವಾರ ಮನಸ್ಸಿನಲ್ಲೇ ಬೈದುಕೊಂಡು ಅವರ ಹಿಂದೆ ಹೋದೆ. ಮೂವರು ಗಟ್ಟಿಮುಟ್ಟಾಗಿದ್ದರು. ನಾಲ್ಕನೆಯವನು ನಮ್ಮನ್ನು ಕಂಡದ್ದೇ ಕೈಯನ್ನು ಬೆನ್ನ ಹಿಂದೆ ಒಯ್ದ. ತೋರುಬೆರಳು ಬಾತುಕೊಂಡು ಸೆಟೆದಿತ್ತು. ಬಲೆ ಹಿಡಿಯಲಾಗದೆ ಮನೆಯಲ್ಲೇ ಕೂತಿದ್ದ.

"ಕತ್ತರಿಸ್ತ್ರೇನೋ ಅಂತ ಹೆದ್ರಿಕೆ ಆತು ಸಿಸ್ಟರಮ್ಮ, ಅದಕ್ಕೇ ಬರ್ಲಿಲ್ಲ" ಎಂದ.

ಸಿಸ್ಟರ್ ಬೈಯಲಿಲ್ಲ. ಅವನ ಪಕ್ಕದಲ್ಲೇ ಜಗಲಿಯ ಮೇಲೆ ಕೂತು, "ನಾಳೆ ಬಾ. ನಾ ಅಲ್ಲೇ ಇರ್ತೆ" ಎಂದರು. ಮರುದಿನ ಬೆರಳಿನೊಳಗೆ ಮುರಿದು ಉಳಿದಿದ್ದ ಮುಳ್ಳಿನ ಚೂರನ್ನು ತೆಗೆದೆವು. ಬೆರಳು ಉಳಿಯಿತು.

ನನ್ನ ಪೇಪರ್ ತಲೆಕೆಳಗಾಯಿತು. ಉರಿ ಇಳಿದರೂ ಮುಳ್ಳು ಒಳಗೇ ಇರಬಹುದು ಎಂಬುದೇ ಈಗ ಅದರ ಮುಖ್ಯ ಮಾತು. ಎಲ್ಲವನ್ನೂ ಮತ್ತೆ ಬರೆದು ಮುಗಿಸುವ ಮೊದಲೇ ಅರ್ಜಿಯ ಕೊನೆಯ ದಿನ ಬಂತು. ಪೇಪರ್ ಇಲ್ಲದೆಯೇ ಅರ್ಜಿ ಹಾಕಿದೆ. ಒಂದೂ ಕರೆ ಬರಲಿಲ್ಲ. ಒಂದು ವರ್ಷ ಹಾಳಾಯಿತೆಂದು ಸಿಸ್ಟರ್ ಜೊತೆ ಮುಖ ಊದಿಸಿಕೊಂಡು ಓಡಾಡಿದೆ. ಅವರು ದಿನಾ ನನ್ನ ಮೇಜಿನ ಮೇಲೆ ಚಹಾ ಇಟ್ಟು ಹೋಗುತ್ತಿದ್ದರು.

ಮರುವರ್ಷ ಪೇಪರ್ ಅಚ್ಚಾಯಿತು. ಸಂದರ್ಶನದಲ್ಲಿ ಹಿರಿಯ ವೈದ್ಯರೊಬ್ಬರು ಕೇಳಿದ್ದು ಅದನ್ನೇ, ಆ ನಾಲ್ಕನೆಯ ರೋಗಿ ಹೇಗೆ ಸಿಕ್ಕಿದ ಎಂದು. ಸಿಸ್ಟರ್ ಜೊತೆ ಮಂಕಿಗೆ ಹೋದದ್ದನ್ನು ಹೇಳಿದೆ. ಸೀಟು ಸಿಕ್ಕಿತು. ಸುದ್ದಿ ಹೇಳಿದರೆ ಸಿಸ್ಟರ್, "ಒಳ್ಳೇದಾತು ಡಾಕ್ಟ್ರೇ. ಆ ಬೆರಳಿನವನೂ ಈಗ ದೋಣಿಗೆ ಹೋಗ್ತಾ ಇದ್ನಂತೆ" ಎಂದರು. ಎರಡೂ ಅವರಿಗೆ ಒಂದೇ ತೂಕದ ಸುದ್ದಿ.

ನಾನು ಈ ದೇಶಕ್ಕೆ ಬಂದ ಮೇಲೂ ಪ್ರತಿ ಭಾನುವಾರ ಅವರ ಫೋನು ಬರುತ್ತಿತ್ತು. ಹೋದ ಮಳೆಗಾಲದಲ್ಲಿ ನಿಂತಿತು. ನನಗೆ ಡ್ಯೂಟಿಯ ಗಡಿಬಿಡಿ. ತೊಂದರೆ ಇದ್ದಿದ್ದರೆ ಹೇಳುತ್ತಿದ್ದರಲ್ಲ ಎಂದುಕೊಂಡೆ.

ಆರು ವಾರದ ಮೇಲೆ ಅವರ ಮಗಳು ಫೋನು ಮಾಡಿದಳು. ಕಿಡ್ನಿ ಕೆಟ್ಟು ಆಸ್ಪತ್ರೆಯಲ್ಲಿದ್ದರಂತೆ. ತೀರಿಹೋಗಿ ಆಗಲೇ ಹನ್ನೊಂದು ದಿನವಾಗಿತ್ತು. "ಡಾಕ್ಟ್ರಿಗೆ ಓದುದಿರ್ತದೆ, ಹೇಳ್ಬೇಡ ಅಂದಿದ್ರು ಅಮ್ಮ" ಎಂದಳು.

ಆ ಆರು ವಾರವೂ ನಾನು ಅವರ ಹೆಸರಿನ ಮುಂದೆ "ಚೆನ್ನಾಗಿದ್ದಾರೆ" ಎಂದು ಬರೆದುಕೊಂಡಿದ್ದೆ. ಯಾರನ್ನೂ ಕೇಳಿರಲಿಲ್ಲ.