ಭಾವ ಸಾಕಿದ ಚುಕ್ಕೆ ಬೆಕ್ಕು

ಹಿರಿಯೂರಿನ ಅಕ್ಕನ ಮನೆ ಮೆಟ್ಟಿಲು ಹತ್ತುವಾಗಲೇ ವಾಸನೆ ಮೂಗಿಗೆ ಬಡಿಯಿತು. ಹಳೇ ಉಚ್ಚೆ, ಒಣಮೀನು, ಫಿನಾಯಿಲು ಮೂರೂ ಕಲೆತ ವಾಸನೆ. ವರಾಂಡದಲ್ಲಿ ಮೊಲ ಸಾಕುವಂಥ ತಂತಿಗೂಡು. ಅದರೊಳಗೆ ಚಿರತೆಮರಿಯಂತೆ ಮೈತುಂಬ ಚುಕ್ಕೆಯಿದ್ದ ಬೆಕ್ಕೊಂದು ನಿಲ್ಲದೆ ಸುತ್ತುತ್ತಿತ್ತು.

"ಬೆಂಗಾಲ್ ಬೆಕ್ಕು ಕಣಮ್ಮ. ಚಿರತೆ ರಕ್ತ ಐತೆ ಇದ್ರಾಗೆ," ಎನ್ನುತ್ತಲೇ ಭಾವ ಕಡ್ಡಿಯಿಂದ ಅದರ ಪಕ್ಕೆಗೆ ತಿವಿದರು. ಬೆಕ್ಕು ಹಲ್ಲು ಬಿಟ್ಟು ಬುಸ್ಸೆಂದಿತು. ನೋಡಲು ಬಂದಿದ್ದ ಪಕ್ಕದ ಮನೆಯವರು ನಕ್ಕರು. ನಾನೂ ಮೊಬೈಲು ತೆಗೆದು ಒಂದು ಫೋಟೊ ಹೊಡೆದೆ. ಅದನ್ನು ನೆನೆದರೆ ಈಗ ನನ್ನ ಮೇಲೆ ನನಗೇ ಹೇಸಿಗೆ.

ಊಟಕ್ಕೆ ಕುಳಿತಾಗ ಅಕ್ಕ ಮೆಲ್ಲಗೆ ಹೇಳಿದಳು: "ಮೊದ್ಲು ಮನೆಯೊಳಗೇ ಬಿಟ್ಟಿದ್ವಿ ಕಣೆ. ಬೀರು ಹತ್ತೋದು, ಬಕೆಟ್ ನೀರಾಗೆ ಕೈ ಆಡ್ಸೋದು, ಒಂದು ಗಳಿಗೆ ಸುಮ್ನಿರ್ತಿರಲಿಲ್ಲ. ಸೋಫಾ ಹರಿದಾಕ್ತು. ಅದಕ್ಕೇ ನಿಮ್ ಭಾವ ಉಗುರು ಕತ್ತರ್ಸಿದ್ರು."

"ಯಾತರಾಗೆ?"

ಅಕ್ಕ ಸಾರು ತರಲು ಎದ್ದಳು. ಭಾವನೇ ಮುದ್ದೆ ಮುರಿಯುತ್ತ ಹೇಳಿದರು: "ಕರೆಂಟ್ ವೈರ್ ಕತ್ತರ್ಸೋದು ಐತಲ್ಲ, ಅದ್ರಾಗೆ. ಒಸಿ ರಕ್ತ ಬಂತು, ಅಷ್ಟೇ."

ತಟ್ಟೆ ಪಕ್ಕಕ್ಕೆ ಸರಿಸಿದೆ. ಎದ್ದು ಹೋಗಿ ಗೂಡಿನ ಮುಂದೆ ಕೂತೆ. ಮುಂಗಾಲಿನ ಎರಡು ಬೆರಳು ಊದಿ ಕೀವು ತುಂಬಿತ್ತು. ಮೇಲೆ ನೊಣ. ಆ ಕಾಲನ್ನು ನೆಲಕ್ಕೂರದೆಯೇ ಅದು ಸುತ್ತುತ್ತಿತ್ತು.

"ಇದನ್ನ ದುರ್ಗಕ್ಕೆ ತಗಂಡ್ ಹೋಗ್ತೀನಿ ಭಾವ. ಡಾಕ್ಟ್ರಿಗೆ ತೋರಿಸ್ಬೇಕು."

"ತೋರಿಸ್ಕಂಡು ತಂದ್ಬಿಡು. ನಮ್ ಸ್ನೇಹಿತ್ರು ನೋಡಾಕೆ ಬರ್ತಾರೆ."

ರಟ್ಟಿನ ಡಬ್ಬಕ್ಕೆ ತೂತು ಮಾಡಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಾನಿರುವ ಚಿತ್ರದುರ್ಗಕ್ಕೆ ತಂದೆ. ಕೀವು ತೆಗೆಯುತ್ತಿದ್ದ ಪಶುವೈದ್ಯರನ್ನು ಕೇಳಿದೆ: "ಚಿರತೆ ರಕ್ತ ಐತಂತೆ, ಹೌದಾ ಸಾರ್?"

"ಚಿರತೆ ಅಲ್ಲಮ್ಮ. ಚಿರತೆ ಬೆಕ್ಕು ಅಂತ ಒಂದು ಸಣ್ಣ ಕಾಡುಬೆಕ್ಕು ಐತೆ. ಅಮೆರಿಕದಾಗೆ ಅದನ್ನ ಮನೆಬೆಕ್ಕಿನ ಜೊತೆ ಕೂಡ್ಸಿ ಈ ತಳಿ ಮಾಡಿದ್ರು. ಎಷ್ಟೋ ತಲೆಮಾರು ದಾಟಿ ಬಂದಾವೆ, ಮನುಷ್ಯರಿಗೆ ಚೆನ್ನಾಗೇ ಹೊಂದ್ಕಳ್ತಾವೆ. ಆದ್ರೆ ಹತ್ಬೇಕು, ಓಡ್ಬೇಕು. ಕೂಡಿ ಹಾಕಿದ್ರೆ ತಲೆ ಕೆಡುತ್ತೆ."

ಗಾಯ ಮಾಯಿತು, ಒಂದು ಉಗುರು ಮಾತ್ರ ಮತ್ತೆ ಬರಲಿಲ್ಲ. ಮೊದಲು ಮಂಚದಡಿ ಅಡಗಿರುತ್ತಿದ್ದದ್ದು, ಆಮೇಲೆ ನಾನು ಪಾತ್ರೆ ತೊಳೆಯುವಾಗ ನಲ್ಲಿಯ ನೀರಿಗೆ ಕೈಯೊಡ್ಡಲು ಬರತೊಡಗಿತು.

ತಿಂಗಳಾದ ಮೇಲೆ ಭಾವ ಸ್ನೇಹಿತರೊಬ್ಬರ ಜೊತೆ ಕಾರಿನಲ್ಲಿ ಬಂದರು. "ಎಲ್ಲಮ್ಮ ನನ್ ಚಿರತೆ?" ಎಂದು ಕೂಗಿದ್ದೇ ತಡ, ಬೆಕ್ಕು ಸಜ್ಜಾ ಹತ್ತಿ, ಅಲ್ಲಿದ್ದ ಹಾಸಿಗೆಯ ಮೇಲೆ ಹೆದರಿ ಉಚ್ಚೆ ಹೊಯ್ದುಕೊಂಡಿತು. ಭಾವ ಹೊಟ್ಟೆ ಹಿಡಿದುಕೊಂಡು ನಕ್ಕರು. "ಒಂದು ಕೋಲು ಕೊಡು, ಇಳಿಸ್ತೀನಿ."

ನಾನು ಸಜ್ಜಾದ ಕೆಳಗೆ ಅಡ್ಡ ನಿಂತೆ.

"ಕೋಲೂ ಕೊಡಲ್ಲ ಭಾವ, ಬೆಕ್ಕೂ ಕೊಡಲ್ಲ. ಕಾಫಿ ಕುಡಿದು ಹೋಗ್ರಿ."

ಕಾಫಿ ಕುಡಿಯದೇ ಹೋದರು. ಅವತ್ತಿನಿಂದ ಮಾತಿಲ್ಲ. ಅಕ್ಕ ಮಾತ್ರ ಕದ್ದು ಫೋನು ಮಾಡುತ್ತಾಳೆ. ಭಾವ ಈಗ ಹೊರದೇಶದ್ದೊಂದು ದೊಡ್ಡ ಹಲ್ಲಿ ತಂದಿದ್ದಾರಂತೆ. ಹೋಗಿ ನೋಡಲು ನನಗಿನ್ನೂ ಮನಸ್ಸಾಗಿಲ್ಲ.