ನಿಲ್ಲುವ ಗಾಡಿಯ ಮೇಸ್ತ್ರಿ

ಅವರ ಕೈಗಳು ಮಣಿಕಟ್ಟಿನವರೆಗೆ ಕಪ್ಪು. ಅಲ್ಲಿಂದ ಮೇಲಕ್ಕೆ ಇಸ್ತ್ರಿ ಮಾಡಿದ ಬಿಳಿ ಅಂಗಿ. ನಡುವೆ ಗೆರೆ ಎಳೆದ ಹಾಗೆ ಒಂದು ಗಡಿ. ಆ ಗಡಿ ದಾಟಿ ಒಂದು ಚುಕ್ಕೆ ಗ್ರೀಸು ಅಂಗಿಗೆ ಹತ್ತಿದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಯಾರಾದರೂ ಕೈಕುಲುಕಲು ಬಂದರೆ ಮೊಣಕೈ ಮುಂದೆ ಮಾಡುತ್ತಿದ್ದರು. ಹೊಸಬರು ಏನು ಮಾಡಬೇಕೆಂದು ತಿಳಿಯದೆ ಆ ಮೊಣಕೈಯನ್ನೇ ಹಿಡಿದು ಅಲ್ಲಾಡಿಸುತ್ತಿದ್ದರು. ಮೊದಲ ದಿನ ನಾನೂ ಹಾಗೇ ಮಾಡಿದೆ.

ನಾನು ಸರ್ವೆ ಇಲಾಖೆಯಲ್ಲಿದ್ದವನು. ಮೂವತ್ತು ವರ್ಷ ಪರರ ಜಮೀನು ಅಳೆಯುತ್ತ ಊರೂರಿನ ಲಾಡ್ಜುಗಳಲ್ಲಿ ಮಲಗಿ, ಕಂಡಕಂಡವರ ದಿಂಬಿನ ವಾಸನೆ ಕುಡಿದಿದ್ದೆ. ನಿವೃತ್ತಿಯಾದ ಮೇಲೆ ಎಲ್ಲಿಗೆ ಹೋದರೂ ನನ್ನ ಮಂಚದ ಮೇಲೆಯೇ ಮಲಗಬೇಕೆಂಬ ಹಟ ಹತ್ತಿತು. ಕಾಲೇಜಿನ ಹುಡುಗಿಯರನ್ನು ಕರೆದೊಯ್ಯುತ್ತಿದ್ದ ಹಳೆಯ ಮಿನಿಬಸ್ಸೊಂದನ್ನು ಕೊಂಡೆ. ನಮ್ಮೂರು ಸೊರಬದ ಬಡಗಿಯೊಬ್ಬರ ಕೈಯಲ್ಲಿ ಸೀಟು ಕೀಳಿಸಿ, ಎರಡು ಮಂಚ, ಅಡುಗೆ ಕಟ್ಟೆ, ಕಪಾಟು, ನೀರಿನ ಟ್ಯಾಂಕು ಎಲ್ಲ ಮಾಡಿಸಿದೆ. ನಾನು ಅದನ್ನು ಮನೆಗಾಡಿ ಎಂದು ಕರೆದೆ. ನನ್ನ ಹೆಂಡತಿ ಡಬ್ಬಿ ಎಂದಳು. ಊರಿನಲ್ಲಿ ಉಳಿದದ್ದು ಅವಳಿಟ್ಟ ಹೆಸರೇ.

ಎಂಜಿನ್ ಆಯಿಲ್ ಬದಲಾಯಿಸಬೇಕೆಂದು ಶಿಕಾರಿಪುರಕ್ಕೆ ಹೋದಾಗ ಯಾರೋ ಈ ಮೇಸ್ತ್ರಿಯ ತಗಡಿನ ಶೆಡ್ ತೋರಿಸಿದರು. ಬಾಗಿಲ ಮೇಲೆ ‘ಇಲ್ಲಿ ಬ್ರೇಕ್ ಕೆಲಸ ಮಾತ್ರ’ ಎಂದು ಬರೆದಿತ್ತು. ನಾನು ಓದದೆ ಒಳಗೆ ಹೋಗಿದ್ದೆ.

“ಎಂಜಿನ್ ನನ್ನ ಸಬ್ಜೆಕ್ಟ್ ಅಲ್ರಿ,” ಎಂದರು. “ಓಡೋದೇನು, ಯಾವ ಗಾಡಿಯಾದ್ರೂ ಓಡ್ತೈತೆ. ನಿಲ್ಲೋ ಗಾಡಿ ಇದ್ರೆ ತೋರಿಸ್ರಿ.”

ಹಾಗೆನ್ನುತ್ತಲೇ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹಿಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು, ಹಲಸು ಹಣ್ಣಾಗಿದೆಯೇ ಎಂದು ನೋಡುವವರಂತೆ ಮೂಗು ಹತ್ತಿರ ಒಯ್ದು, ಬ್ರೇಕ್ ಕಾದ ವಾಸನೆ ಹಿಡಿಯಲು ಮೂಸಿದರು. ಎದ್ದು, “ಒಳಗೆ ಏನೇನೈತೆ?” ಎಂದು ಕೇಳಿದರು. ಕೇಳುವವರು ಸಿಕ್ಕರಲ್ಲ ಎಂಬ ಖುಷಿಯಲ್ಲಿ ನಾನು ಮಂಚ, ಟ್ಯಾಂಕು, ಗ್ಯಾಸ್ ಸಿಲಿಂಡರು, ಪಾತ್ರೆಪಗಡ, ಪುಸ್ತಕ ಎಂದು ಪಟ್ಟಿ ಕೊಟ್ಟೆ. ಒಂದೊಂದಕ್ಕೂ ಅವರ ಮುಖ ಇಳಿಯುತ್ತ ಹೋಯಿತು.

“ಸಾಹೇಬ್ರೆ, ಇದನ್ನ ಹುಡುಗೀರ್ನ ಕೂರಿಸೋಕೆ ಮಾಡಿದ್ದು. ಹುಡುಗೀರು ಊರು ಬಂದ್ರೆ ಇಳೀತಾರೆ. ನಿಮ್ಮ ಮಂಚ ಇಳಿಯಂಗಿಲ್ಲ. ಈ ಬ್ರೇಕಿಗೆ ರಜಾ ಅನ್ನೋದೇ ಇಲ್ಲ.”

ನನ್ನ ಹೆಂಡತಿ ತನ್ನ ತವರಿನ ರುಬ್ಬುವ ಕಲ್ಲನ್ನೂ ಗಾಡಿಗೆ ಹಾಕಿಸಿದ್ದಳು. ಮಿಕ್ಸಿಯ ಚಟ್ನಿ ಅವಳಿಗೆ ಸೇರುವುದಿಲ್ಲ. ಮೇಸ್ತ್ರಿ ಆ ಕಲ್ಲಿನ ಮುಂದೆ ಬಹಳ ಹೊತ್ತು ನಿಂತರು.

“ಅಕ್ಕಾವ್ರೆ, ಇದು ಇಳೀಬೇಕು.”

“ಎಂತಕ್ಕೆ? ಅದೊಂದರಿಂದ ನಿಮ್ಮ ಬ್ರೇಕಿಗೆ ಎಂತ ಆಗ್ತದೆ?”

“ಇಳಿಜಾರಾಗೆ ನಿಮ್ಮೆಜಮಾನ್ರು ಜೋರಾಗಿ ಬ್ರೇಕ್ ಹಾಕಿದ್ರೆ, ಗಾಡಿ ನಿಲ್ತೈತೆ, ಕಲ್ಲು ನಿಲ್ಲಂಗಿಲ್ಲ. ಅದು ಮುಂದೆ ಬರೋ ದಾರಿಯಾಗೆ ಯಾರ ತಲೆ ಐತೆ, ನೋಡ್ರಿ.”

ಅವಳು ನನ್ನ ತಲೆ ನೋಡಿದಳು. ಸ್ವಲ್ಪ ಯೋಚಿಸಿದಳು. ಎಷ್ಟು ಹೊತ್ತು ಯೋಚಿಸಿದಳೆಂದು ನಾನು ಇವತ್ತಿಗೂ ಕೇಳಿಲ್ಲ. ಕಡೆಗೆ ಕಲ್ಲು ಇಳಿಯಿತು. ಆಮೇಲೆ ಎಷ್ಟೋ ದಿನ ಅದು ಆ ಶೆಡ್ಡಿನಲ್ಲಿ ಬೇರೆ ಗಾಡಿಗಳ ಚಕ್ರಕ್ಕೆ ತಡೆಯಾಗಿ ದುಡಿಯಿತು.

ಅಂದಿನಿಂದ ಮಳೆಗಾಲಕ್ಕೆ ಮುಂಚೆ ಒಂದು ಸಲ, ಮುಗಿದ ಮೇಲೆ ಒಂದು ಸಲ ಸೊರಬದಿಂದ ಅವರಲ್ಲಿಗೆ ಹೋಗುವುದು ನಮಗೆ ಹಬ್ಬದ ಹಾಗೆ ಖಾಯಂ ಆಯಿತು. ನಾಲ್ಕೂ ಚಕ್ರ ಬಿಚ್ಚಿ, ಚಕ್ರದ ಡ್ರಮ್ಮಿಗೆ ಉಜ್ಜುವ ಲೈನರ್ ಪಟ್ಟಿ ಸವೆದು ಒಳಗೆ ಕೂತ ಕಪ್ಪು ಧೂಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯುವರು. ಊದಿ ತೆಗೆಯುವವರನ್ನು ಕಂಡರೆ ಸಿಟ್ಟು. “ಆ ಧೂಳು ಕುಡಿದ್ರೆ ನಿಮ್ಮ ಎದೆಗೆ ಲೈನರ್ ಹಾಕಾಕೆ ಯಾರೂ ಇಲ್ಲ,” ಎನ್ನುವರು. ಎಲ್ಲ ಜೋಡಿಸಿದ ಮೇಲೆ ಪರೀಕ್ಷೆ. ಟ್ಯಾಂಕಿನ ತುಂಬ ನೀರಿರಬೇಕು, ಸಾಮಾನೆಲ್ಲ ಜಾಗದಲ್ಲಿರಬೇಕು, ಅಡುಗೆ ಕಟ್ಟೆಯ ಮೇಲೆ ಮುಕ್ಕಾಲು ಪಾತ್ರೆ ಮಜ್ಜಿಗೆ ಇರಬೇಕು. ಅವರು ಹೇಳಿದ ಕಡೆ ನಾನು ಗಾಡಿ ನಿಲ್ಲಿಸಬೇಕು. ಮಜ್ಜಿಗೆ ಚೆಲ್ಲಬಾರದು. ಮೊದಲ ಸಲ ಶಿರಾಳಕೊಪ್ಪದ ರಸ್ತೆಯಲ್ಲಿ ನಾನು ನಿಲ್ಲಿಸಿದ ರಭಸಕ್ಕೆ ಮಜ್ಜಿಗೆಯೆಲ್ಲ ಅವರ ಬೆನ್ನ ಮೇಲೆ ಬಂತು. ಬಿಳಿ ಅಂಗಿಯಾದ್ದರಿಂದ ಅಷ್ಟಾಗಿ ಕಾಣಲಿಲ್ಲ. ಅವರು ತಿರುಗಿಯೂ ನೋಡದೆ ಹೇಳಿದರು:

“ಬ್ರೇಕ್ ಸರಿ ಐತ್ರಿ. ಕಾಲು ಸರಿ ಇಲ್ಲ. ಕಾಲಿನ ಸರ್ವೀಸು ನಮ್ಮಲ್ಲಿಲ್ಲ.”

ಇಷ್ಟೆಲ್ಲ ಹೇಳುವ ಈ ಮನುಷ್ಯನ ಸೈಕಲ್ಲಿಗೆ ಬ್ರೇಕೇ ಇರಲಿಲ್ಲ. ಅದನ್ನು ಹಿಡಿದುಹಾಕಿದೆನೆಂಬ ಹೆಮ್ಮೆಯಲ್ಲಿ ಒಂದು ದಿನ ಕೇಳಿಯೇಬಿಟ್ಟೆ. “ನಾನು ಅದನ್ನ ಹತ್ತಿದ್ದು ನೋಡೀರೇನು?” ಎಂದರು. ನಿಜಕ್ಕೂ ನೋಡಿರಲಿಲ್ಲ. ಬುತ್ತಿಚೀಲವನ್ನು ಅದರ ಹ್ಯಾಂಡಲ್ಲಿಗೆ ತೂಗುಹಾಕಿಕೊಂಡು ದಿನವೂ ತಳ್ಳಿಕೊಂಡೇ ಮನೆಗೆ ಹೋಗುತ್ತಿದ್ದರು.

ಈಗ ನಾಮಕರಣದ ಸಂಗತಿ ಹೇಳಬೇಕು. ನನ್ನ ಅಕ್ಕ ದಾವಣಗೆರೆಯಲ್ಲಿರುತ್ತಾಳೆ. ಅವಳ ಮಗನಿಗೆ ಹೊನ್ನಾವರದ ಹುಡುಗಿ. ಮೊದಲ ಮಗುವಿನ ನಾಮಕರಣ ಹೊನ್ನಾವರದಲ್ಲಿ, ಭಾನುವಾರ. ಎಲ್ಲರೂ ಮನೆಗಾಡಿಯಲ್ಲೇ ಘಟ್ಟ ಇಳಿಯೋಣ ಎಂದು ನಾನೇ ಜಂಬದಿಂದ ಆಹ್ವಾನ ಕೊಟ್ಟೆ. ಆ ವರ್ಷ ಮಳೆಗಾಲದ ಮುಂಚಿನದು, ಮುಗಿದ ಮೇಲಿನದು, ಎರಡೂ ಸರ್ವೀಸನ್ನು ನನ್ನ ಕಣ್ಣಿನ ಆಪರೇಷನ್ನಿನ ನೆಪದಲ್ಲಿ ತಪ್ಪಿಸಿದ್ದೆ. ಶುಕ್ರವಾರ ಬೆಳಿಗ್ಗೆ ನಾನೂ ನನ್ನ ಹೆಂಡತಿಯೂ ಗಾಡಿಯನ್ನು ಮೇಸ್ತ್ರಿಯ ಬಳಿಗೆ ಒಯ್ದೆವು; ಮಧ್ಯಾಹ್ನದ ಬಸ್ಸಿಗೆ ಶಿಕಾರಿಪುರಕ್ಕೇ ಬನ್ನಿ ಎಂದು ಅಕ್ಕ ಭಾವನಿಗೆ ಹೇಳಿದ್ದೆ.

ಅವರು ಪೆಟ್ಟಿಗೆ, ತೊಟ್ಟಿಲ ಬಟ್ಟೆ, ಮಗುವಿನ ಉಡಿದಾರ ಎಲ್ಲ ಹೊತ್ತು ಬಂದಿಳಿದಾಗ ಮನೆಗಾಡಿ ಮರದ ದಿಮ್ಮಿಗಳ ಮೇಲೆ ಕೂತಿತ್ತು. ನಾಲ್ಕು ಚಕ್ರವೂ ಗೋಡೆಗೆ ಒರಗಿದ್ದವು.

“ಹಿಂದಿನ ಚಕ್ರದ ಒಂದು ಬ್ರೇಕ್ ಸಿಲಿಂಡರ್ ಒಸರ್ತೈತೆ,” ಎಂದರು ಮೇಸ್ತ್ರಿ. “ಸಾಮಾನು ಶಿವಮೊಗ್ಗದಿಂದ ಬಸ್ಸಿಗೆ ಬರಬೇಕು. ನಾಳೆ ಸಂಜೆ. ಬ್ರೇಕ್ ಆಯಿಲ್ಲೂ ಪೂರ್ತಿ ತೆಗೀಬೇಕು.”

ಭಾವ ಜೀವಮಾನವೆಲ್ಲ ಹೈಸ್ಕೂಲಿನ ಹೆಡ್‌ಮಾಸ್ಟರಾಗಿದ್ದವರು. ಎದುರು ಮಾತಾಡುವವರನ್ನು ಕಂಡು ರೂಢಿಯಿಲ್ಲ.

“ಏನ್ರೀ ಇದು? ಸೊರಬದಿಂದ ಇಲ್ಲಿತನಕ ಬ್ರೇಕ್ ಹಿಡಿದಿದೆ ತಾನೆ?”

“ಹಿಡಿದೈತ್ರಿ. ಅದು ಬಯಲು ರಸ್ತೆ. ಆಯಿಲ್ಲಾಗೆ ನೀರು ಸೇರ್ಕಂಡೈತೆ. ಘಟ್ಟದಾಗೆ ಮತ್ತೆ ಮತ್ತೆ ತುಳಿದ್ರೆ ಕಾದು ಕುದೀತೈತೆ. ಕುದಿದ್ರೆ ಪೆಡಲ್ ಸೀದಾ ನೆಲಕ್ಕೆ ಹೋಗ್ತೈತೆ, ಬ್ರೇಕ್ ಹಿಡಿಯಂಗಿಲ್ಲ.”

“ಮುಚ್ಚಿದ ಡಬ್ಬಿಯೊಳಗೆ ನೀರು ಎಲ್ಲಿಂದ ಬರ್ತದ್ರೀ? ನಾನು ವಿಜ್ಞಾನ ಪಾಠ ಮಾಡಿದವನು.”

“ಬರ್ತ ಬರ್ತ ಗಾಳಿಯಾಗಿನ ತೇವ ಹೀರ್ಕಂತೈತ್ರಿ,” ಎಂದರು ಮೇಸ್ತ್ರಿ. ಅಕ್ಕನ ಕಡೆ ತಿರುಗಿ, “ಅಕ್ಕಾವ್ರೆ, ಒಗ್ಗರಣೆ ಸೌಟು ಐತೇನ್ರಿ?” ಎಂದರು. ದಾರಿಯ ಅಡುಗೆಗೆಂದು ತಂದಿದ್ದ ಸೌಟನ್ನು ಏನು ಎತ್ತ ಎಂದು ಕೇಳದೆ ಅಕ್ಕ ಪೆಟ್ಟಿಗೆಯಿಂದ ತೆಗೆದು ಕೊಟ್ಟಳು. ಅವರು ಅಂಗಳದ ಮೂಲೆಯಲ್ಲಿ ತಮ್ಮ ಸ್ಟೌ ಹಚ್ಚಿ, ಗಾಡಿಯಿಂದ ತೆಗೆದ ಹಳೆಯ ಆಯಿಲ್ಲಿನ ನಾಲ್ಕು ಹನಿ ಸೌಟಿಗೆ ಬಿಟ್ಟು, ನಮ್ಮನ್ನೆಲ್ಲ ದೂರ ನಿಲ್ಲಿಸಿದರು. ಕಾಯುವುದೇ ತಡ, ಸಾಸಿವೆ ಸಿಡಿದ ಹಾಗೆ ಚಟಪಟ ಶುರುವಾಯಿತು. ಸೌಟು ಒರೆಸಿ, ಹೊಸ ಡಬ್ಬಿ ಒಡೆದು ಅದರ ನಾಲ್ಕು ಹನಿ ಬಿಟ್ಟರು. ಅಷ್ಟೇ ಹೊತ್ತು ಕಾದರೂ ಅದು ಸುಮ್ಮನೆ ಕೂತಿತ್ತು.

ಭಾವ ಕನ್ನಡಕ ತೆಗೆದು ಒರೆಸಿಕೊಂಡರು. ಅಕ್ಕ ಮಾತ್ರ, “ನನ್ನ ಸೌಟು!” ಎಂದಳು.

ಇನ್ನು ಎಲ್ಲಿಗೆ ಹೋಗುವುದು? ಲಾಡ್ಜು ನೋಡೋಣ ಎಂದೆ. “ಮನೆ ಕಣ್ಣೆದುರಿಗೇ ಇರುವಾಗ ಲಾಡ್ಜು ಎಂತಕ್ಕೆ?” ಎಂದಳು ನನ್ನ ಹೆಂಡತಿ. ಹೀಗೆ ಚಕ್ರವಿಲ್ಲದ ಗಾಡಿಯಲ್ಲಿ, ಗ್ಯಾರೇಜಿನ ಅಂಗಳದಲ್ಲಿ ನಮ್ಮ ಪ್ರವಾಸ ಆರಂಭವಾಯಿತು. ಮೇಸ್ತ್ರಿಯದು ಒಂದೇ ಷರತ್ತು. ಅವರು ಗಾಡಿಯ ಅಡಿಗೆ ಹೋಗುವಾಗ ಮೇಲೆ ಒಂದು ನರಪಿಳ್ಳೆಯೂ ಇರಕೂಡದು. “ಇಳೀರಿ!” ಎಂದು ಅವರು ಕೂಗಿದರೆ ನಾವು ನಾಲ್ವರೂ ಸಾಲಾಗಿ ಇಳಿಯಬೇಕು. “ಹತ್ತ್ರಿ!” ಎಂದರೆ ಹತ್ತಬೇಕು. ಶನಿವಾರ ಬೆಳಿಗ್ಗೆ ಅಕ್ಕ ದೋಸೆ ಹುಯ್ಯುವಾಗ ಮೂರು ಸಲ ಇಳಿಸಿದರು. ಇಳಿಯುವಾಗ ಒಲೆ ಆರಿಸಬೇಕಾದ್ದರಿಂದ ಮೂರು ದೋಸೆ ಅರೆಬೆಂದು ಹಾಳಾದವು. ನಾಲ್ಕನೆಯ ಸಲ ಭಾವ ಸ್ನಾನ ಮುಗಿಸಿ ಪಂಚೆ ಸುತ್ತಿಕೊಳ್ಳುತ್ತಿದ್ದರು. ಟೆಂಪೋ ಬ್ರೇಕ್ ತೋರಿಸಲು ತೊಗರ್ಸಿಯಿಂದ ಬಂದಿದ್ದ ರೈತರೊಬ್ಬರು, ಅರ್ಧ ಪಂಚೆಯಲ್ಲಿ ಬಸ್ಸಿಳಿಯುತ್ತಿದ್ದ ಭಾವನನ್ನು ನೋಡಿ, “ಯಾವೂರ್ರಿ ನಿಮ್ದು?” ಎಂದು ಸಹಾನುಭೂತಿಯಿಂದ ಕೇಳಿದರು. ಭಾವ ಪಂಚೆ ಬಿಗಿದುಕೊಳ್ಳುತ್ತ ಶೆಡ್ಡಿನ ಹಿಂದಕ್ಕೆ ನಡೆದರು.

ಮಧ್ಯಾಹ್ನ ಭಾವನ ತಾಳ್ಮೆ ಮುಗಿಯಿತು. “ಚಕ್ರ ಹಾಕಿ ಕೊಡ್ರಿ. ನಿಧಾನ ಹೋಗ್ತೀವಿ. ಮೊಮ್ಮಗುವಿನ ನಾಮಕರಣ ತಪ್ಪಿದರೆ ನೀವು ಹೊಣೆ ಆಗ್ತೀರೇನು?”

ಮೇಸ್ತ್ರಿ ಕೈ ಒರೆಸಿಕೊಂಡು ಎದ್ದು ನಿಂತರು. ಅವರ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

“ನಾಮಕರಣ ತಪ್ಪಿದ್ರೆ ಇನ್ನೊಂದು ದಿನ ಹೆಸರಿಡ್ತಾರೆ ಮೇಷ್ಟ್ರೆ. ಮಗು ಎಲ್ಲೂ ಹೋಗಂಗಿಲ್ಲ. ಅಜ್ಜ ಅಜ್ಜಿ ಹೋದ್ರೆ ಇನ್ನೊಂದು ಜೊತೆ ಶಿವಮೊಗ್ಗದಿಂದ ತರಿಸಾಕೆ ಬರಂಗಿಲ್ಲ.”

ಭಾವ ಗಾಡಿ ಹತ್ತಿ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದರು. ಐದು ನಿಮಿಷದಲ್ಲಿ “ಇಳೀರಿ!” ಎಂದು ಕೂಗು ಬಂತು. ಇಳಿದರು.

ಸಂಜೆ ಸಾಮಾನು ತರಲು ಮೇಸ್ತ್ರಿ ತಾವೇ ಬಸ್‌ಸ್ಟ್ಯಾಂಡಿಗೆ ಹೋದರು. ಬರುವಾಗ ಒಂದು ಕೈಯಲ್ಲಿ ಬ್ರೇಕ್ ಸಿಲಿಂಡರು, ಇನ್ನೊಂದರಲ್ಲಿ ಕಾಗದದಲ್ಲಿ ಸುತ್ತಿದ ಹೊಸ ಒಗ್ಗರಣೆ ಸೌಟು. ಕತ್ತಲಾಗುವ ಮೊದಲು ಚಕ್ರ ಕೂತವು. ಮಜ್ಜಿಗೆ ಚೆಲ್ಲಲಿಲ್ಲ.

ಭಾನುವಾರ ನಸುಕಿಗೇ ಹೊರಟೆವು. ಗೇರುಸೊಪ್ಪೆ ಘಟ್ಟ ಇಳಿಯುವಾಗ ಭಾವ ನನ್ನ ಪಕ್ಕದಲ್ಲಿ ಕೂತು, ತಮ್ಮ ಕಾಲ ಬಳಿ ಇಲ್ಲದ ಬ್ರೇಕನ್ನು ಪ್ರತಿ ತಿರುವಿನಲ್ಲೂ ಒತ್ತುತ್ತಿದ್ದರು. ಅರ್ಧ ಇಳಿದಿದ್ದೆವು. ತಿರುವು ದಾಟುತ್ತಲೇ ಎದುರಿಗೆ ಒಂದು ಲಾರಿ, ಕೆಟ್ಟು ನಮ್ಮ ಬದಿಯ ರಸ್ತೆ ಹಿಡಿದು ನಿಂತಿತ್ತು. ಬಲಕ್ಕೆ ಬಂಡೆ, ಎಡಕ್ಕೆ ಮರಗಳ ನೆತ್ತಿ. ನಾನು ತುಳಿದೆ. ಪೆಡಲ್ಲು ಕಾಲಿಗೆ ಕಲ್ಲಿನ ಹಾಗೆ ಗಟ್ಟಿಯಾಗಿ ಸಿಕ್ಕಿತು. ಲಾರಿಯ ಹಿಂಬದಿಯ ಬರಹ ಕನ್ನಡಕವಿಲ್ಲದೆ ಓದುವಷ್ಟು ಹತ್ತಿರದಲ್ಲಿ ಗಾಡಿ ನಿಂತಿತು.

ಆಮೇಲೆ ಭಾವ ಮೆಲ್ಲಗೆ ಬಾಗಿಲು ತೆಗೆದು ಇಳಿದರು. ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಮೂಗು ಹತ್ತಿರ ಒಯ್ದು ಮೂಸಿದರು. ಹತ್ತಿ ಕೂತು, “ಸರಿ ಇದೆ, ನಡಿ,” ಎಂದರು. ಮಗುವಿನ ಕಿವಿಯಲ್ಲಿ ಹೆಸರು ಹೇಳುವ ಹೊತ್ತಿಗೆ ನಾವು ಅಲ್ಲಿದ್ದೆವು.

ಹೋದ ಮಳೆಗಾಲದ ಆರಂಭದಲ್ಲಿ ಮೇಸ್ತ್ರಿ ತೀರಿಕೊಂಡರು. ಊಟ ಮಾಡಿ ಒರಗಿದವರು ಏಳಲಿಲ್ಲ. ಸುದ್ದಿ ತಿಳಿದು ಹೋಗಿ ಮಣ್ಣು ಹಾಕಿ ಬಂದೆ. ಅವರ ಕೈ ಪೂರ್ತಿ ತೊಳೆದದ್ದನ್ನು ನಾನು ನೋಡಿದ್ದು ಅವತ್ತೇ ಮೊದಲು. ಗುರುತೇ ಸಿಗಲಿಲ್ಲ.

ಅವರ ಹೆಂಡತಿಯ ಶೋಕದ ಅವಧಿ ಮುಗಿದ ಮೇಲೆ ನಾವಿಬ್ಬರೂ ಮಾತಾಡಿಸಲು ಹೋದೆವು. ಆಕೆಯನ್ನು ನಾವು ಹತ್ತಿರದಿಂದ ಕಂಡದ್ದೇ ಇಲ್ಲ. ಆಕೆಗೆ ಮಾತ್ರ ನಮ್ಮದೆಲ್ಲ ಗೊತ್ತು. ಭಾವನ ಪಂಚೆ, ಅಕ್ಕನ ಸೌಟು, ನನ್ನ ಕಣ್ಣಿನ ಆಪರೇಷನ್ನು. ದಿನವೂ ಊಟಕ್ಕೆ ಕೂತಾಗ ಒಂದೊಂದು ಗಾಡಿಯ ಕತೆಯನ್ನು, ಅದರ ಬ್ರೇಕಿನ ರೋಗಲಕ್ಷಣ ಸಮೇತ, ಮೇಸ್ತ್ರಿ ಹೇಳುತ್ತಿದ್ದರಂತೆ. ಬಾಗಿಲಲ್ಲಿ ನಿಂತಿದ್ದ ಮನೆಗಾಡಿಯನ್ನು ಕಿಟಕಿಯಿಂದ ನೋಡಿ ಆಕೆ ಹೇಳಿದರು:

“ನಲವತ್ತು ವರ್ಷ ಊರಿನ ಗಾಡಿ ರಿಪೇರಿ ಮಾಡಿದ್ರು. ನನ್ನನ್ನ ಒಂದರಾಗೂ ಕೂರಿಸಲಿಲ್ಲ. ನನ್ನ ತವರು ಸೊರಬಾನೇ ರೀ. ಅಲ್ಲಿತನಕ ಬಿಡ್ತೀರೇನು?”

ನನ್ನ ಹೆಂಡತಿ ಆಕೆಯ ಕೈ ಹಿಡಿದು ಹತ್ತಿಸಿದಳು. ಕಿಟಕಿಯ ಪಕ್ಕ ಕೂರಿಸಿ ಟೀ ಮಾಡಿಕೊಟ್ಟಳು. ಆಮೇಲೆ ಹೊರಟೆವು. ಸೊರಬ ಇನ್ನೇನು ಬಂತು ಎನ್ನುವಾಗ ಒಂದು ಎಮ್ಮೆ ರಸ್ತೆಗೆ ಬಂತು. ಬ್ರೇಕ್ ಹಾಕಿದೆ. ಗಾಡಿ ನಿಂತಿತು. ಎಮ್ಮೆ ಸಾವಕಾಶವಾಗಿ ದಾಟಿತು. ಹಿಂದಿನಿಂದ ಆಕೆಯ ದನಿ:

“ಸ್ವಲ್ಪ ಎಡಕ್ಕೆ ಎಳದಂಗಾತಲ್ರಿ. ಘಟ್ಟ ಇಳಿಯಾಕೆ ಮೊದಲು ತೋರಿಸ್ರಿ.”

ನನಗೇನೂ ಗೊತ್ತಾಗಿರಲಿಲ್ಲ. ಇನ್ನು ಯಾರಿಗೆ ತೋರಿಸಲಿ ಎಂದುಕೊಳ್ಳುತ್ತ ಗೇರು ಹಾಕಿದೆ.

ಮರುವಾರ ಸಾಗರದಲ್ಲಿ ಒಂದು ಗ್ಯಾರೇಜು ಹುಡುಕಿ ಚಕ್ರ ಬಿಚ್ಚಿಸಿದೆ. ಮುಂದಿನ ಬಲಚಕ್ರದೊಳಗೆ ಆಯಿಲ್ ಕಣ್ಣಿಗೆ ಕಂಡೂ ಕಾಣದಷ್ಟು ಒಸರಿ ಲೈನರಿಗೆ ಹತ್ತಿತ್ತು. ಬಲಗಡೆ ಹಿಡಿತ ಕಡಿಮೆಯಾಗಿ ಗಾಡಿ ಎಡಕ್ಕೆ ಎಳೆಯುತ್ತಿತ್ತು. ಆ ಹೊಸ ಮೆಕ್ಯಾನಿಕ್ ಅದನ್ನು ಬೆಳಕಿಗೆ ಹಿಡಿದು ನೋಡಿ ಆಶ್ಚರ್ಯಪಟ್ಟ.

“ಇಷ್ಟು ಬೇಗ ಇದು ಯಾರಿಗೂ ಗೊತ್ತಾಗೋದಿಲ್ಲ ಸಾರ್. ಯಾರು ಹಿಡಿದದ್ದು?”

“ನಮ್ಮ ಮೇಸ್ತ್ರಿ,” ಎಂದೆ.